ಮರಳು ಗುನುಗಿದ ದಾರಿ

ಲಾಸ್ ಏಂಜಲೀಸ್‌ನಿಂದ ಮೊಹಾವಿ ಮರುಭೂಮಿಯನ್ನು ಹಾದು ಲಾಸ್ ವೇಗಾಸ್ ತಲುಪಲು ನಾಲ್ಕೈದು ಗಂಟೆ ಸಾಕು. ಮಕ್ಕಳೊಂದಿಗೆ ಹೊರಟ ನಾವು ಎರಡು ದಿನ ತೆಗೆದುಕೊಂಡೆವು. 1881ರಲ್ಲಿ ಬೆಳ್ಳಿಯ ಗಣಿಯಿಂದಾಗಿ ಹುಟ್ಟಿ, ಬೆಳ್ಳಿಯ ಬೆಲೆ ಕುಸಿದ ಮೇಲೆ ಬರಿದಾದ ಕ್ಯಾಲಿಕೊ ಊರು ಈಗ ಪ್ರವಾಸಿಗರಿಗಾಗಿ ತುಸು ಹೆಚ್ಚೇ ಸಿಂಗರಿಸಿಕೊಂಡಿದೆ ಎನಿಸಿತು. ಬೇಕರ್‌ನಲ್ಲಿರುವ 134 ಅಡಿ ಎತ್ತರದ ಥರ್ಮಾಮೀಟರ್ ಮಕ್ಕಳಿಗೆ ಬಲು ಹಿಡಿಸಿತು; 1913ರಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ತಾಪದ ನೆನಪಿಗೆ, ಡಿಗ್ರಿಗೊಂದು ಅಡಿಯಂತೆ ಅದನ್ನು ನಿಲ್ಲಿಸಿದ್ದಾರೆಂದು ಹೇಳಿದ್ದೇ ತಡ, ಮಗಳು ಕತ್ತೆತ್ತಿ ಎಣಿಸತೊಡಗಿದಳು.

ಆದರೆ ಮನಸ್ಸಿನಲ್ಲಿ ಉಳಿದದ್ದು ಹೆದ್ದಾರಿ ಬಿಟ್ಟು ಬಹಳ ಒಳಗಿರುವ ಕೆಲ್ಸೊ ಮರಳುದಿಬ್ಬಗಳು. ಬಿಸಿಲೇರುವ ಮುನ್ನವೇ ಹತ್ತತೊಡಗಿದೆವು; ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತಿತ್ತು. ನೆತ್ತಿಯಲ್ಲಿ ಕುಳಿತು ಜಾರಿದಾಗ, ಒಣ ಮರಳಿನ ಕಣಗಳ ತಿಕ್ಕಾಟದಿಂದ ದೂರದ ವಿಮಾನದಂಥ ಗುನುಗು ನಮ್ಮ ಕೆಳಗಿನಿಂದಲೇ ಹೊರಟಿತು. ದಾರಿಯುದ್ದಕ್ಕೂ ಫೋನಿನಿಂದ ತಲೆಯೆತ್ತದಿದ್ದ ಮಗ ಮಾತಿಲ್ಲದೆ ಮತ್ತೆ ಮೇಲಕ್ಕೆ ಹತ್ತಿದ, ಮೂರು ಸಲ. ಅವನ ಬೂಟಿನಿಂದ ಆ ಮರಳು ಇಂದು ಬೆಳಗ್ಗೆಯೂ ಉದುರಿತು. ಪೊರಕೆ ಹಿಡಿದವಳು ಒಂದು ಗಳಿಗೆ ಗುಡಿಸದೆ ನಿಂತೆ.