ಏಳು ಕಿಲೊದ ಚೀಲ, ನಾಲ್ಕು ದಿನದ ಬುತ್ತಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮಾರಾಟ ವಿಭಾಗದ ಕೆಲಸ ನನ್ನದು. ನಾವು ಎರಕ ಹೊಯ್ಯುವ ಪಂಪಿನ ಬಿಡಿಭಾಗಗಳನ್ನು ಕೊಳ್ಳುವವರು ಪುಣೆ, ಕೊಯಮತ್ತೂರು, ರಾಜಕೋಟ್, ಫರೀದಾಬಾದ್‌ಗಳಲ್ಲಿ ಇರುವುದರಿಂದ ತಿಂಗಳಿಗೆ ಎಂಟು ಹತ್ತು ದಿನ ನಾನು ಮನೆಯಲ್ಲಿರುವುದಿಲ್ಲ. ಇಷ್ಟು ತಿರುಗಾಡುವವನಿಗೆ ಚೀಲ ತುಂಬುವ ವಿದ್ಯೆ ತಾನಾಗಿ ಬಂದಿರಬೇಕು ಎಂದು ಯಾರಿಗಾದರೂ ಅನಿಸಬಹುದು. ನನಗೆ ಅದು ಬಂದದ್ದು ಕೆಲವು ವರ್ಷಗಳ ಹಿಂದಿನ ಒಂದು ಫೆಬ್ರವರಿಯಲ್ಲಿ, ಸಾಂಬ್ರಾ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ಹತ್ತಾರು ಜನರ ಎದುರಿಗೆ ನೆಲದ ಮೇಲೆ ಕುಳಿತು ನನ್ನ ಸೂಟ್‌ಕೇಸನ್ನು ಬಿಚ್ಚಬೇಕಾಗಿ ಬಂದ ಮೇಲೆ.

ದೆಹಲಿಗೆ ಹೋಗಿ ಅಲ್ಲಿಂದ ಫರೀದಾಬಾದಿನ ಗ್ರಾಹಕರ ಕಾರ್ಖಾನೆಯಲ್ಲಿ ನಾಲ್ಕು ದಿನ ಇರುವ ಕಾರ್ಯಕ್ರಮ ಅದು. ತೂಕದ ಯಂತ್ರ 19 ಕಿಲೊ ತೋರಿಸಿತು. ಟಿಕೆಟಿನಲ್ಲಿ ಇದ್ದ ಮಿತಿ 15 ಕಿಲೊ. ನಾಲ್ಕು ದಿನಕ್ಕೆ ಆರು ಅಂಗಿ, ನಾಲ್ಕು ಪ್ಯಾಂಟು, ಎರಡನೆಯ ಜೊತೆ ಬೂಟು, ಉತ್ತರದ ಚಳಿಗೆಂದು ಒಂದು ದಪ್ಪ ಕೋಟು, ಗ್ರಾಹಕರಿಗೆ ಕೊಡಲು ಎರಡು ಡಬ್ಬಿ ಕುಂದಾ, ಎರಡು ಕಿಲೊ ತೂಗುವ ಎರಕದ ಮಾದರಿ, ಇವೆಲ್ಲದರ ಮೇಲೆ ನಾನು ಅರಿಯದಂತೆ ಅವ್ವ ಇಟ್ಟಿದ್ದ ಎರಡು ಕೊಬ್ಬರಿ ಬಟ್ಟಲು. ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಿದ್ದ ಅವ್ವ, ಮಗ ದೂರ ಹೋಗುತ್ತಾನೆಂದು ಉಡಿಯ ಕೊಬ್ಬರಿಯನ್ನು ಅಂಗಿಗಳ ನಡುವೆ ಸೇರಿಸಿದ್ದಳು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು; ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಸಾಲಿಗೆ ಅದು ಸೇರುವುದರಿಂದ ವಿಮಾನದ ಸಾಮಾನಿನಲ್ಲಿ ನಿಷಿದ್ಧ ಎಂದು ಅಲ್ಲಿಯ ಸಿಬ್ಬಂದಿ ಸೌಜನ್ಯದಿಂದಲೇ ತಿಳಿಸಿದರು. ದೇವರ ಕೊಬ್ಬರಿಯನ್ನು ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಹೊರಗೆ ಇನ್ನೂ ನಿಂತಿದ್ದ ನಮ್ಮ ಡ್ರೈವರನಿಗೆ ಫೋನು ಮಾಡಿ ಬಾಗಿಲ ಬಳಿ ಕರೆಸಿ, ಕೊಬ್ಬರಿಯನ್ನೂ ಎರಡನೆಯ ಜೊತೆ ಬೂಟನ್ನೂ ಅವನ ಕೈಗೆ ಕೊಟ್ಟು, ಮಿಕ್ಕ ಹೆಚ್ಚುವರಿ ತೂಕಕ್ಕೆ ಹಣ ಕಟ್ಟಿದೆ.

ಇದನ್ನೆಲ್ಲ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ನಮ್ಮ ಗುಣಮಟ್ಟ ವಿಭಾಗದ ಹಿರಿಯರು. ಬಸವನ ಬಾಗೇವಾಡಿ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರ ಹೆಗಲಿಗೆ ಇದ್ದದ್ದು ಒಂದೇ ಚೀಲ. ವಿಮಾನದೊಳಗೆ ಒಯ್ಯಲು ಬಿಡುವ 7 ಕಿಲೊದ ಮಿತಿಗಿಂತ ಅದು ಕಡಿಮೆಯೇ ತೂಗಿತು. "ತಮ್ಮಾ, ನಾಕು ದಿನಕ್ಕ ಹೊಂಟೀವೋ, ಮನಿ ಬದಲು ಮಾಡಾಕ ಹೊಂಟೀವೋ?" ಎಂದು ಕೇಳಿದರು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಊಟದ ವಿಷಯದಲ್ಲಿಯೂ ನನ್ನ ನಡತೆ ಸೂಟ್‌ಕೇಸಿನಂತೆಯೇ ಇತ್ತು. ಕಂಪನಿಯ ಖರ್ಚಿನಲ್ಲಿ ಉಳಿದುಕೊಂಡಾಗ ಬೆಳಗಿನ ಬಫೆಯಲ್ಲಿ ಇಟ್ಟದ್ದನ್ನೆಲ್ಲ ರುಚಿ ನೋಡುವುದು, ಮಧ್ಯಾಹ್ನ ಮೀಟಿಂಗ್ ಮುಗಿಯದೆ ಸಮೋಸಾ ಮತ್ತು ನಾಲ್ಕು ಕಪ್ ಚಹಾದಲ್ಲಿ ಹೊತ್ತು ಕಳೆಯುವುದು, ರಾತ್ರಿ ಹತ್ತೂವರೆಗೆ ಹಸಿದು ಬಂದು ಬೆಣ್ಣೆ ತೇಲುವ ಪಲ್ಯಗಳನ್ನು ನಾನ್ ಜೊತೆ ತಿಂದು ಕೂಡಲೇ ಮಲಗುವುದು. ಎರಡನೆಯ ರಾತ್ರಿಯ ಇಂಥದೊಂದು ಊಟದ ನಂತರ ಬೆಳಗಿನ ಜಾವ ಮೂರು ಗಂಟೆಗೆ ಹೊಟ್ಟೆ ಕೆಟ್ಟಿತು. ಮೂರನೆಯ ದಿನ ನಮ್ಮ ಎರಕದಲ್ಲಿ ಗಾಳಿಗುಳ್ಳೆ ಬಿದ್ದ ದೂರಿನ ಬಗ್ಗೆ ಗ್ರಾಹಕರ ಎದುರು ನಾನು ಮಾತನಾಡಬೇಕಿತ್ತು. ಅದೂ ಕಾಕಾ ಅವರ ಪಾಲಿಗೆ ಬಂತು.

ಹೊರಡುವ ಮುನ್ನ ಅವರು ನನ್ನ ಕೋಣೆಗೆ ಬಂದು ಒಆರ್‌ಎಸ್ ಪೊಟ್ಟಣವೊಂದನ್ನು ಒಡೆದರು. ನಾನು ಅದನ್ನು ಲೋಟಕ್ಕೆ ಸುರಿಯಹೋದಾಗ ತಡೆದು, ಇಡೀ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಬೇಕು, ಗಟ್ಟಿಯಾದರೆ ಕೆಡುಕು ಎಂದು ಹೇಳಿ ಬಾಟಲಿಯಲ್ಲಿ ಕಲಸಿಟ್ಟರು. ಸಂಜೆ ಮರಳಿ ಬಂದಾಗ ಅವರ ಕೈಯಲ್ಲಿ ಒಂದು ಅಗಲವಾದ ಸ್ಟೀಲಿನ ಡಬ್ಬಿ ಇತ್ತು. ಅದರೊಳಗೆ ಡಬ್ಬಿಯ ಅಳತೆಗೇ ಬಡಿದ, ಅಂಗೈಗಿಂತ ತುಸು ದೊಡ್ಡದಾದ ಕಡಕ್ ಜೋಳದ ರೊಟ್ಟಿಗಳು ಒಂದರ ಮೇಲೊಂದು ಕುಳಿತಿದ್ದವು. ದೊಡ್ಡ ರೊಟ್ಟಿ ಚೀಲದಲ್ಲಿ ಚೂರಾಗುತ್ತದೆಂದು ಅವರ ಮನೆಯವರು ಪ್ರಯಾಣಕ್ಕೆಂದೇ ಸಣ್ಣವು ಮಾಡುತ್ತಾರಂತೆ. ಹೋಟೆಲಿನ ಅಡುಗೆಮನೆಯಿಂದ ಎರಡು ಬಟ್ಟಲು ಸಪ್ಪೆ ಮೊಸರು ತರಿಸಿದರು. ಎರಡು ರೊಟ್ಟಿ ಮುರಿದು ಮೊಸರಿಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಹತ್ತು ನಿಮಿಷ ಮುಚ್ಚಿಟ್ಟರು. ಮೊದಲು ಕಟಕಟ ಅನ್ನುತ್ತಿದ್ದ ಚೂರುಗಳು ಅಂಚಿನಲ್ಲಿ ಮೆತ್ತಗಾಗಿ, ನಡುವೆ ಇನ್ನೂ ತುಸು ಬಿಗಿ ಉಳಿದಿದ್ದ ಹದದಲ್ಲಿ ಚಿಟಿಕೆ ಉಪ್ಪು ಹಾಕಿ ನನಗೆ ಕೊಟ್ಟರು. ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಕೇಳಿದೆ. "ಇವತ್ತು ಖಾರ ಬ್ಯಾಡ" ಎಂದು ತಮ್ಮ ಬಟ್ಟಲಿಗೆ ಮಾತ್ರ ಹಾಕಿಕೊಂಡರು. ಹುಟ್ಟಿದಾಗಿನಿಂದ ತಿಂದ ರೊಟ್ಟಿ ಅದು. ಮದುವೆಗೆ, ಜಾತ್ರೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ನಮಗೆ ಆಫೀಸಿನ ಕೆಲಸಕ್ಕೆ ಹೊರಟಾಗ ಮಾತ್ರ ಬುತ್ತಿ ಒಯ್ಯಲು ಯಾಕೆ ನಾಚಿಕೆ ಎಂಬುದು ಆ ಸಂಜೆಯವರೆಗೆ ನನಗೆ ಹೊಳೆದಿರಲಿಲ್ಲ.

ಈಗ ನಾನೂ ರಾತ್ರಿಯ ಊಟವನ್ನು ಹೋಟೆಲಿಗೆ ಬಿಡುವುದಿಲ್ಲ. ಕಡಕ್ ರೊಟ್ಟಿಗೆ ತೇವ ತಾಗದಿದ್ದರೆ ವಾರಗಟ್ಟಲೆ ಏನೂ ಆಗುವುದಿಲ್ಲ. ಶೇಂಗಾ, ಅಗಸಿ, ಗುರೆಳ್ಳು ಹಿಂಡಿಗಳು ಸಣ್ಣ ಡಬ್ಬಿಯಲ್ಲಿ ತಲಾ ನೂರು ಗ್ರಾಂ ಇದ್ದರೆ ನಾಲ್ಕು ದಿನಕ್ಕೆ ಮಿಗುತ್ತವೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುವುದರಿಂದ ರೊಟ್ಟಿ, ಮೊಸರು, ಹಿಂಡಿ, ಒಂದು ಹಸಿ ಸೌತೆಕಾಯಿ ಸೇರಿದರೆ ಅದನ್ನು ಅರೆಹೊಟ್ಟೆಯ ಊಟ ಎಂದು ಯಾರೂ ಹೇಳಲಾರರು. ಎಣ್ಣೆಯ ಉಪ್ಪಿನಕಾಯಿಯನ್ನು ಮಾತ್ರ ಒಯ್ಯುವುದಿಲ್ಲ. ಒಮ್ಮೆ ರಾಜಕೋಟ್ ದಾರಿಯಲ್ಲಿ ಅದು ಸೋರಿ ಕೊಟೇಶನ್ ಕಾಗದಗಳೆಲ್ಲ ಕೆಂಪಾಗಿದ್ದವು. ಬೆಳಗಿನ ಬಫೆಯಲ್ಲಿ ಮೊದಲು ತಟ್ಟೆ ಹಿಡಿಯದೆ ಒಂದು ಸುತ್ತು ಬರಿಗೈಯಲ್ಲಿ ನೋಡಿ, ಎರಡು ಬಗೆ ಆರಿಸಿಕೊಳ್ಳುತ್ತೇನೆ. ಎರಡು ಬಾಳೆಹಣ್ಣು ಮಧ್ಯಾಹ್ನದ ಸಮೋಸಾಕ್ಕೆ ಬದಲಾಗಿ ಚೀಲ ಸೇರುತ್ತವೆ.

ಬಟ್ಟೆಯ ಲೆಕ್ಕ ಇಳಿಸಲು ಮಾತ್ರ ಹೆಚ್ಚು ಕಾಲ ಹಿಡಿಯಿತು. ಮೈಮೇಲಿನದೂ ಸೇರಿ ಮೂರು ಅಂಗಿ, ಗಾಢ ಬಣ್ಣದ ಎರಡು ಪ್ಯಾಂಟು, ದಪ್ಪ ಬೂಟು ಕಾಲಲ್ಲಿ, ತೆಳು ಚಪ್ಪಲಿ ಚೀಲದಲ್ಲಿ, ಚಳಿಯಿದ್ದರೆ ಸ್ವೆಟರ್ ಮೈಮೇಲೆ. ರಾತ್ರಿ ಅಂಗಿಯನ್ನು ಸ್ನಾನದ ಸಾಬೂನಿನಲ್ಲೇ ತೊಳೆದು, ಹೋಟೆಲಿನ ಒಣ ಟವೆಲ್ಲಿನ ಮೇಲೆ ಹಾಸಿ, ಎರಡನ್ನೂ ಸುರುಳಿ ಸುತ್ತಿ ಬಲವಾಗಿ ಹಿಂಡಿದರೆ ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ. ಆದರೂ ಊರು ನೋಡಿ ಲೆಕ್ಕ ಹಾಕಬೇಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಒಂದು ತಾಸಿನೊಳಗೆ ಒಣಗುವ ಅಂಗಿ ಜುಲೈ ತಿಂಗಳ ಬೆಳಗಾವಿಯಲ್ಲಿ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಒಂದು ಅಂಗಿ ಹೆಚ್ಚು. ಎರಕದ ಮಾದರಿ ನಾಲ್ಕು ದಿನ ಮೊದಲೇ ಕೊರಿಯರಿನಲ್ಲಿ ಹೋಗುತ್ತದೆ. ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್. ಪವರ್ ಬ್ಯಾಂಕ್ ಯಾವಾಗಲೂ ಕೈಚೀಲದಲ್ಲಿ, ಏಕೆಂದರೆ ಲಗೇಜಿಗೆ ಹಾಕಿದರೆ ಅದನ್ನೂ ತೆಗೆಸುತ್ತಾರೆ.

ಹತ್ತಿರದ ಪ್ರವಾಸಕ್ಕೆ ಬುತ್ತಿಯ ಹಂಗೂ ಇಲ್ಲ. ಕಳೆದ ಬೇಸಿಗೆಯಲ್ಲಿ ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಯೊಂದರ ಕೆಲಸ ಮುಗಿಸಿ ವಿಜಯಪುರಕ್ಕೆ ಹೋಗುವಾಗ ನವನಗರದ ಒಂದು ಖಾನಾವಳಿಯಲ್ಲಿ ಊಟ ಮಾಡಿದೆ: ಬಿಸಿ ರೊಟ್ಟಿ, ಎಣ್ಣೆಗಾಯಿ, ಜುಣಕ, ಹೆಸರುಕಾಳಿನ ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಕೊನೆಗೆ ಮಜ್ಜಿಗೆ. ಉಣ್ಣಲು ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಜನ ತುಂಬಿರುವ ಹನ್ನೆರಡೂವರೆ, ಒಂದು ಗಂಟೆಯ ಹೊತ್ತಿಗೆ ಹೋಗುವುದು, ಮೂರು ಗಂಟೆಗೆ ಹೋಗಿ ಆರಿದ ಪಲ್ಯವನ್ನು ಬಿಸಿ ಮಾಡಿಸಿಕೊಂಡು ತಿನ್ನದಿರುವುದು.

ಗ್ರಾಹಕರಿಗೆ ಈಗ ಕುಂದಾ ಒಯ್ಯುವುದಿಲ್ಲ. ಬೆಳಗಾವಿಯವನಾಗಿ ಹೀಗೆ ಬರೆಯುವುದು ದ್ರೋಹವೇ, ಆದರೆ ಹಾಲು ಕುದಿಸಿ ಮಾಡುವ ಕುಂದಾ ಬಹಳ ದಿನ ತಾಳುವುದಿಲ್ಲ, ಬೆಲ್ಲದ ಗೋಕಾಕ ಕರದಂಟು ತಾಳುತ್ತದೆ, ತೂಕವೂ ಸಣ್ಣ ಪೊಟ್ಟಣದಲ್ಲಿ ಮುಗಿಯುತ್ತದೆ. ಅವ್ವನಿಗೆ ಕೊಬ್ಬರಿಯ ಸಂಗತಿಯನ್ನು ವಿವರಿಸಲು ಎರಡು ಸಲ ಕೂಡಬೇಕಾಯಿತು. ದೇವರ ಕೊಬ್ಬರಿಗೆ ಬೆಂಕಿ ಹತ್ತುತ್ತದೆಂಬ ಮಾತನ್ನು ಅವಳು ಇಂದಿಗೂ ನಂಬಿಲ್ಲ. ಆದರೆ ಗುಡ್ಡದಿಂದ ಬಂದ ಬಟ್ಟಲುಗಳನ್ನು ಅವಳು ಈಗ ಅಂಗಿಗಳ ನಡುವೆ ಇಡುವುದಿಲ್ಲ. ನಾನು ಹೊರಡುವ ಹಿಂದಿನ ದಿನ ಒಂದನ್ನು ತುರಿದು, ಹುರಿದು, ಬಳ್ಳೊಳ್ಳಿಯ ಜೊತೆ ಕುಟ್ಟಿ ಶೇಂಗಾ ಹಿಂಡಿಗೆ ಸೇರಿಸಿ, ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿ ಕೊಡುತ್ತಾಳೆ.