ಹಲೋ, ಕೇಳಿಸ್ತಿದೆಯಾ?

ಫೋನ್ ಕರೆ ರೆಕಾರ್ಡ್ ಮಾಡುವ ವೆಬ್ ಆ್ಯಪ್ ಕಟ್ಟುತ್ತಿದ್ದೇನೆ. ಬೆಳಗ್ಗೆಯಿಂದ ನನಗೆ ನಾನೇ ಕರೆ ಮಾಡಿಕೊಂಡು "ಹಲೋ, ಕೇಳಿಸ್ತಿದೆಯಾ?" ಅಂತ 20 ಸಲ ಕೇಳಿದ್ದಾಯಿತು. ಕರೆ ಬಂದ ಕೂಡಲೇ ಫೋನ್ ಸೇವೆಯವರ ಸಿಸ್ಟಮ್ ನಮ್ಮ ಸರ್ವರ್‌ನ ಬಾಗಿಲು ತಟ್ಟಿ, ಮುಂದೇನು ಮಾಡಲಿ ಅಂತ ಕೇಳುತ್ತದೆ. ಉತ್ತರ ತಡವಾಯಿತೋ, ಆ ಕಡೆಯವರಿಗೆ ಬರೀ ಮೌನ. ಕೋಡ್ ಹೇಗೋ ಆಗುತ್ತದೆ ಬಿಡಿ.

ಕಾಡಿದ್ದು ದನಿ. ಬ್ರೌಸರ್‌ನಲ್ಲಿ ರೆಕಾರ್ಡ್ ಮಾಡಿದ್ದರಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ದನಿಯನ್ನು ಅಷ್ಟು ಸಲ ಅಳೆದು ಬರೆದಿಟ್ಟಂತೆ. ಸಾಮಾನ್ಯ ಫೋನ್ ಲೈನಿನದ್ದು 8,000 ಮಾತ್ರ. ಅದರಲ್ಲಿ 3,400 ಹರ್ಟ್ಸ್‌ಗಿಂತ ಮೇಲಿನ ಕೀರಲು ದನಿ ಹೆಚ್ಚುಕಮ್ಮಿ ಹೋಗಿಯೇಬಿಡುತ್ತದೆ. 'ಸ' ಅಂದಿದ್ದು 'ಫ' ಅಂತ ಕೇಳಿಸುವುದು ಅದಕ್ಕೇ.

ಹಳೇ ಲ್ಯಾಂಡ್‌ಲೈನಿನಲ್ಲಿ ಕೇಳಿದ ದನಿಗಳೆಲ್ಲ ಹೀಗೆ ಕತ್ತರಿಸಿ ಬಂದವೇ ಅಲ್ವಾ? ಆದರೂ "ಹಲೋ" ಅಂದರೆ ಸಾಕು, ಯಾರು ಅಂತ ಗೊತ್ತಾಗುತ್ತಿತ್ತು.

ಇರಿ, 21ನೇ ಕರೆ ಬರ್ತಿದೆ. ನನ್ನದೇ.