ಒಂಬತ್ತು ಮಾದಲ, ಏಳು ಬೇಲ

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ಒಂದು ಹಣ್ಣಿನ ಲೆಕ್ಕ. ಸ್ಕೂಲ್ ಡೇ, ಕಬಡ್ಡಿ ಎಲ್ಲ ಬೇರೆಯವರು ಬರೆಯುತ್ತಾರೆ ಬಿಡಿ.

ಆಗ ಎಂಟನೇ ಕ್ಲಾಸು. ಊಟದ ಬೆಲ್ಲಾದ ಮೇಲಿನ ಪೀರಿಯಡ್ಡು, ಮಂಡ್ಯದ ಮಾರ್ಚ್ ತಿಂಗಳ ಬಿಸಿಲು ಬೇರೆ, ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಗಣಿತದ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಎರಡೇ ಸಾಲು ಬರೆದರು. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು?

ಬೇಲ ಗೊತ್ತಿತ್ತು, ರಾಮನವಮಿ ಪಾನಕದ ಹಣ್ಣು. ಮಾದಲ ಯಾರೂ ಕೇಳಿರಲಿಲ್ಲ. "ಹೇರಳೆಕಾಯಿಯ ದಾಯಾದಿ ಕಣ್ರೋ" ಅಂದರು ಮೇಷ್ಟ್ರು.

ನಮ್ಮಪ್ಪ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ಹಾಗಾಗಿ ಹಣ್ಣಿನ ವಿಷಯ ಬಂದರೆ ನನಗೆ ಜಂಬ ಜಾಸ್ತಿ. ಎದ್ದು ನಿಂತು, "ಸಾರ್, ಒಂಬತ್ತು ತಗೊಂಡರೆ ರೇಟು ಇಳಿಸ್ತಾರಲ್ವಾ, ಇದು ಲೆಕ್ಕಕ್ಕೆ ಬರಲ್ಲ" ಅಂದೆ. ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. "ನೀನು ಹೇಳೋದು ಸರಿಯಪ್ಪ. ಆದರೆ ಈ ಅಂಗಡೀಲಿ ಚೌಕಾಶಿ ಇಲ್ಲ."

ನಾನು ಸುಮ್ನೆ ಕೂರಲಿಲ್ಲ. ಮಾದಲ 1, ಬೇಲ 14 ಅಂದೆ. ಮೊದಲ ಸಾಲಿಗೆ ಸರಿಯಾಗಿ ಕೂತಿತು, 9 ಮತ್ತು 98, ಒಟ್ಟು 107. ಎರಡನೆಯದಕ್ಕೆ ಹಾಕಿದರೆ 133! ಆಗ ಮೇಷ್ಟ್ರು ಎರಡು ಚೀಲದ ಹಣ್ಣನ್ನೂ ಒಂದೇ ಗುಡ್ಡೆ ಹಾಕಿದರು. 16 ಮಾದಲ, 16 ಬೇಲ, 208. ಅಂದರೆ ಒಂದು ಜೋಡಿಗೆ 13. ಇನ್ನು ಮೊದಲ ಚೀಲದಲ್ಲಿ ಎರಡು ಮಾದಲ ಜಾಸ್ತಿ, ಎರಡು ಬೇಲ ಕಮ್ಮಿ, ಅಷ್ಟಕ್ಕೇ ಬೆಲೆ 6 ಏರಿದೆ, ಹಾಗಾದರೆ ಬೇಲಕ್ಕಿಂತ ಮಾದಲ 3 ಜಾಸ್ತಿ. ಮಾದಲ 8, ಬೇಲ 5. ಎಕ್ಸೂ ಇಲ್ಲ, ವೈಯೂ ಇಲ್ಲ. ಅಪ್ಪ ಕೂಡ ಸಂಜೆ ಉಳಿದ ಹಣ್ಣನ್ನು ಹೀಗೇ ಗುಡ್ಡೆ ಹಾಕುತ್ತಿದ್ದರು, ಆದರೆ ಅದರೊಳಗೆ ಇಂಥ ಲೆಕ್ಕ ಇರುತ್ತೆ ಅಂತ ನನಗೆ ಹೊಳೆದಿರಲಿಲ್ಲ.

ಇದು 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದ ಲೆಕ್ಕ ಅಂತ ಆಮೇಲೆ ಹೇಳಿದರು. ನೃಪತುಂಗ ಅಂದರೆ ಕವಿರಾಜಮಾರ್ಗ ಅಂತ ಕನ್ನಡ ಪೀರಿಯಡ್ಡಿನಲ್ಲಿ ಬಾಯಿಪಾಠ ಮಾಡಿದ್ದೆವು. ಅವನ ಕಾಲದಲ್ಲಿ ಬೇಲದ ಹಣ್ಣಿನ ರೇಟನ್ನೂ ಲೆಕ್ಕ ಹಾಕುತ್ತಿದ್ದರು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ.

ಹೋಮ್‌ವರ್ಕ್ ಅವರದೇ ಸ್ವಂತದ್ದು. ಅದೇ ಬೆಲೆಗೆ, ಚಿಲ್ಲರೆ ಉಳಿಯದಂತೆ, 100ಕ್ಕೆ ಎಷ್ಟು ಬಗೆಯಲ್ಲಿ ಹಣ್ಣು ಕೊಳ್ಳಬಹುದು? ಅಪ್ಪನನ್ನು ಕೇಳಿದರೆ, "ಚಿಲ್ಲರೆ ಉಳಿದರೆ ಎರಡು ನಿಂಬೆಹಣ್ಣು ಹಾಕಿಕೊಡು" ಅಂದರು! ರಾತ್ರಿ ಕೂತು ಎರಡು ಬಗೆ ಹುಡುಕಿದೆ. 10 ಮಾದಲ, 4 ಬೇಲ. 5 ಮಾದಲ, 12 ಬೇಲ.

ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಮೂರು ಬರೆದಿದ್ದ. ಅವನ ಮೂರನೆಯದು 20 ಬೇಲ, ಮಾದಲ ಸೊನ್ನೆ. ತಗೊಳ್ಳದೇ ಇರೋ ಹಣ್ಣು ಅದೆಂಥ ಲೆಕ್ಕ ಅಂತ ನಾನು, ಸೊನ್ನೆನೂ ಲೆಕ್ಕನೇ ಅಂತ ಅವನು, ಪ್ರೇಯರ್ ಮುಗಿಯೋವರೆಗೂ ಜಗಳ. ಮೇಷ್ಟ್ರು ಎರಡೂ ನೋಟ್‌ಬುಕ್ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. "ಎರಡೂ ಜಾತಿ ಹಣ್ಣು ಇರಬೇಕು ಅಂತ ನಾನು ಬರೀಲೇ ಇಲ್ಲ ಅಲ್ವಾ. ತಪ್ಪು ನಂದು" ಅಂತ ಇಬ್ಬರಿಗೂ ರೈಟು ಹಾಕಿದರು.

ಆ ಗೆಳೆಯ ಈಗ ಮೈಸೂರಿನಲ್ಲಿದ್ದಾನೆ. ಅವನು ಇವತ್ತಿಗೂ ಮೂರು ಅಂತಾನೆ. ನಾನು ಎರಡೇ ಅಂತೀನಿ.